ಬೀರುವಿನೊಳಗಿನ ಪುಸ್ತಕ

ನನಗಾಗ ಹನ್ನೆರಡು ವರ್ಷ. ಮೈಸೂರಿನ ಒಂದು ಕಾನ್ವೆಂಟಿನಲ್ಲಿ ವಾರಕ್ಕೆರಡು ಸಂಜೆ ಪಿಯಾನೋ ಪಾಠ. ಕಲಿಸುತ್ತಿದ್ದ ಸಿಸ್ಟರ್ ಒಳ್ಳೆಯವರೇ. ಆದರೆ ಸಂಗೀತದ ಪುಸ್ತಕಗಳೆಲ್ಲ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಅವರ ಸೊಂಟದಲ್ಲಿ. ಹಡಗಿನಲ್ಲಿ ಬರಬೇಕಾದ ಪುಸ್ತಕಗಳು, ಕಳೆದುಹೋದರೆ ಮತ್ತೆ ಸಿಗುವಂಥವಲ್ಲ. ಅವರ ಎಚ್ಚರಿಕೆ ಈಗ ಅರ್ಥವಾಗುತ್ತದೆ. ಒಂದು ಸಂಜೆ ಅವರು ಪ್ರಾರ್ಥನೆಗೆ ಹೋದಾಗ, ತೆರೆದೇ ಇದ್ದ ಪುಟವನ್ನು ಲೆಕ್ಕದ ನೋಟುಬುಕ್ಕಿನಲ್ಲಿ ನಕಲು ಮಾಡತೊಡಗಿದೆ. ಸ್ಕೇಲಿಟ್ಟು ಐದೈದು ಗೆರೆ ಎಳೆದು, ಅದರ ಮೇಲೆ ಇರುವೆ ಸಾಲಿನಂಥ ಸ್ವರಗಳು. ಬಾಖ್‌ನ ಒಂದು ಪುಟ್ಟ ಮಿನ್ಯುಯೆಟ್. ಹದಿನಾರು ಆವರ್ತ, ಅಂದರೆ ಸರಿಯಾಗಿ ಅರ್ಧ ಮುಗಿದಿತ್ತು, ಸಿಸ್ಟರ್ ಬಂದರು. ಬೈಗುಳವೂ ಆಯಿತು. ಮುಂದಿನ ತಿಂಗಳು ಅಪ್ಪನಿಗೆ ವರ್ಗವಾಗಿ ಪಿಯಾನೋ ಇಲ್ಲದ ಊರಿಗೆ ಹೋದೆವು. ಅರ್ಧ ಶತಮಾನ ಆ ಅರ್ಧ ಹಾಡನ್ನೇ ಗುನುಗುತ್ತ ಒಗ್ಗರಣೆ ಹಾಕಿದ್ದೇನೆ.

ಬಾಖ್‌ನ ಕಥೆಯೂ ಬೀರುವಿನದೇ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಹತ್ತನೆಯ ವಯಸ್ಸಿಗೆ ತಬ್ಬಲಿಯಾಗಿ 1695ರಲ್ಲಿ ಅಣ್ಣನ ಮನೆ ಸೇರಿದ ಹುಡುಗ. ಅಣ್ಣನ ಬಳಿ ಹೆಸರಾಂತ ಸಂಗೀತಗಾರರ ಕೃತಿಗಳಿದ್ದ ಒಂದು ಪುಸ್ತಕ. ಎಷ್ಟು ಬೇಡಿದರೂ ಕೊಡಲೊಲ್ಲ. ಬೀರುವಿನ ಬಾಗಿಲು ಜಾಲರಿಯದು. ಹುಡುಗ ಪುಟ್ಟ ಕೈ ತೂರಿಸಿ, ಪುಸ್ತಕವನ್ನು ಸುರುಳಿ ಸುತ್ತಿ ಹೊರಗೆಳೆದು, ದೀಪವಿಲ್ಲದೆ ಬೆಳದಿಂಗಳಲ್ಲೇ ಆರು ತಿಂಗಳು ನಕಲು ಮಾಡಿದನಂತೆ. ಅಣ್ಣನಿಗೆ ಗೊತ್ತಾಯಿತು, ನಕಲನ್ನು ಕಸಿದುಕೊಂಡ. ಬಾಖ್ ತೀರಿಕೊಂಡ ಮೇಲೆ 1754ರಲ್ಲಿ ಅಚ್ಚಾದ ನೆನಪಿನ ಬರಹದಲ್ಲಿ ಈ ಕಥೆ ಇದೆ. ಅದನ್ನು ಓದಿದ ದಿನ ಸಿಸ್ಟರ್ ಮೇಲಿದ್ದ ನನ್ನ ಸಿಟ್ಟು ಅರ್ಧ ಇಳಿಯಿತು.

ಆದರೆ ನನ್ನ ಮನಸ್ಸು ಹೆಚ್ಚು ಹೋಗುವುದು ಅವನ ಎರಡನೆಯ ಹೆಂಡತಿಯ ಕಡೆಗೆ. ಆನಾ ಮಾಗ್ಡಲೇನಾ ಅರಮನೆಯಲ್ಲಿ ಹಾಡಿ ಸಂಬಳ ಪಡೆಯುತ್ತಿದ್ದ ಗಾಯಕಿ. 1721ರಲ್ಲಿ ಮದುವೆ, ಮಲಮಕ್ಕಳು, ತನ್ನ ಮಕ್ಕಳು, ಬಾಣಂತನದ ಮೇಲೆ ಬಾಣಂತನ. ಅದರ ನಡುವೆ ಗಂಡನ ಕೃತಿಗಳನ್ನು ನಕಲು ಮಾಡುವ ಕೆಲಸ. ಇಂದು ಜಗತ್ತೆಲ್ಲ ನುಡಿಸುವ ಚೆಲ್ಲೋ ಸೂಟ್‌ಗಳ ಪ್ರತಿ ಬಾಖ್‌ನ ಕೈಬರಹದಲ್ಲಿ ಉಳಿದಿಲ್ಲ, ಉಳಿದಿರುವುದು ಇವಳ ಕೈಬರಹದಲ್ಲಿ. ಅವಳಾದರೋ ಗಂಡ ಸತ್ತ ಮೇಲೆ ಹತ್ತು ವರ್ಷ ಬಡತನದಲ್ಲಿ ಬದುಕಿ, ದಾನದ ಹಣ ನಂಬಿಕೊಂಡೇ 1760ರಲ್ಲಿ ತೀರಿಕೊಂಡಳು.

ಆ ಕೈಬರಹವನ್ನು ನಾನು ನೋಡಿದ್ದು ಮೊಮ್ಮಗಳ ಟ್ಯಾಬ್ಲೆಟ್ಟಿನಲ್ಲಿ. ಅವಳು ಕೀಬೋರ್ಡು ಕಲಿಯುತ್ತಿದ್ದಾಳೆ. "ಅಜ್ಜಿ, ಯಾವ ಹಾಡು ಬೇಕು ಹೇಳಿ" ಎಂದು ಪೆಟ್ರುಚಿ ಗ್ರಂಥಾಲಯ ತೆರೆದಳು. 1501ರಲ್ಲಿ ವೆನಿಸ್ ನಗರದಲ್ಲಿ ಹಲವು ದನಿಗಳ ಹಾಡುಗಳ ಸ್ವರಲಿಪಿಯನ್ನು ಅಚ್ಚಿನ ಮೊಳೆಗಳಿಂದ ಮುದ್ರಿಸಿದ ಒಟ್ಟಾವಿಯಾನೋ ಪೆಟ್ರುಚಿಯ ಹೆಸರು ಅದಕ್ಕೆ. ಕಾಸಿಲ್ಲದೆ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಬಾಸ್ಟನ್ನಿನಲ್ಲಿ ಸಂಗೀತ ಓದುತ್ತಿದ್ದ ಎಡ್ವರ್ಡ್ ಗುವೋ ಎಂಬ ಹುಡುಗ 2006ರಲ್ಲಿ ಆರಂಭಿಸಿದ್ದು. ಮರುವರ್ಷವೇ ಬೀಗ ಬಿತ್ತು! ಸಂಗೀತಗಾರ ಸತ್ತು ಐವತ್ತು ವರ್ಷವಾದರೆ ಅವನ ಕೃತಿ ಎಲ್ಲರ ಸೊತ್ತು ಎಂಬುದು ಆಗ ಕೆನಡಾದ ಕಾನೂನು, ಗ್ರಂಥಾಲಯದ ಕಂಪ್ಯೂಟರು ಇದ್ದದ್ದು ಅಲ್ಲಿ. ಯುರೋಪಿನಲ್ಲಿ ಎಪ್ಪತ್ತು ವರ್ಷ. (ನಮ್ಮಲ್ಲಿ ಅರವತ್ತು.) ವಿಯೆನ್ನಾದ ಯೂನಿವರ್ಸಲ್ ಎಡಿಷನ್ ಪ್ರಕಾಶನದ ವಕೀಲರ ಪತ್ರ ಬಂತು. ಓದುವ ಹುಡುಗ, ಕೋರ್ಟು ಹತ್ತುವ ಶಕ್ತಿ ಎಲ್ಲಿಂದ? 2007ರ ಅಕ್ಟೋಬರಿನಲ್ಲಿ ಮುಚ್ಚಿದ. ಮತ್ತೆ ತೆರೆದದ್ದು 2008ರ ಜೂನ್ ಕೊನೆಗೆ. ಪ್ರಕಾಶಕರದು ಬರಿಯ ದುರಾಸೆ ಎಂದು ನಾನು ಹೇಳಲಾರೆ. ಬರೆದವರ ಮನೆಯಲ್ಲೂ ಒಲೆ ಉರಿಯಬೇಕಲ್ಲ. ಆದರೆ ಬಾಖ್ ಸತ್ತದ್ದು 1750ರಲ್ಲಿ. ಅವನ ಪುಟಗಳಿಗೂ ಎಂಟು ತಿಂಗಳಿಗೂ ಹೆಚ್ಚು ಕಾಲ ಬಾಗಿಲು ಹಾಕಿತ್ತು ಎನ್ನುವುದು ನನಗೆ ಸರಿ ಕಾಣುವುದಿಲ್ಲ.

ಒಂದು ಮಾತು, ನೀವೂ ಹುಡುಕುವುದಾದರೆ: ಅಲ್ಲಿ ಹೆಚ್ಚಾಗಿ ಸಿಗುವುದು ಹಳೆಯ ಮುದ್ರಣಗಳು. ಕೆಲವು ಸಂಪಾದಕರು ಜೋರು, ಮೆಲ್ಲಗೆ ಎಂದು ತಮಗೆ ತೋಚಿದ ಗುರುತುಗಳನ್ನು ಧಾರಾಳವಾಗಿ ಸೇರಿಸಿದ್ದಾರೆ. ಕೈಬರಹದ ಪ್ರತಿಯೂ ಇದ್ದರೆ ಪಕ್ಕದಲ್ಲಿಟ್ಟು ನೋಡಿ.

ನನ್ನ ಮಿನ್ಯುಯೆಟ್ ಸಿಕ್ಕಿತು, 1725ರ ಆನಾಳ ನೋಟುಬುಕ್ಕಿನಲ್ಲಿ. ನೋಡಿದರೆ ಅದು ಬಾಖ್‌ನದೇ ಅಲ್ಲ! ಡ್ರೆಸ್ಡೆನ್ ನಗರದ ಕ್ರಿಸ್ಟಿಯನ್ ಪೆಟ್ಸೋಲ್ಡ್ ಎಂಬಾತನದು ಎಂದು 1970ರ ದಶಕದಲ್ಲಿ ವಿದ್ವಾಂಸರು ಗುರುತಿಸಿದರಂತೆ. ಆನಾ ತನಗೆ ಹಿಡಿಸಿದ್ದನ್ನು ಬರೆದಿಟ್ಟುಕೊಂಡಿದ್ದಳು, ನಾವು ಅಡಿಗೆಯ ಪುಸ್ತಕದಲ್ಲಿ ಪಕ್ಕದ ಮನೆಯವರ ಉಪ್ಪಿನಕಾಯಿ ಬರೆದಿಟ್ಟುಕೊಂಡ ಹಾಗೆ.

ಮೊಮ್ಮಗಳು ಪಕ್ಕಕ್ಕೆ ಸರಿದು ಕೂತಳು. ಮೊದಲ ಹದಿನಾರು ಆವರ್ತ ಬೆರಳಿಗೇ ನೆನಪಿತ್ತು. ಅಲ್ಲಿಂದಾಚೆ ನಾನು ಎಂದೂ ಕೇಳದ ಸ್ವರಗಳು. ನಾಲ್ಕನೆಯ ಆವರ್ತದಲ್ಲಿ, ಮೊದಲರ್ಧದಲ್ಲಿ ಎಲ್ಲೂ ಬಾರದ ಒಂದು ಕಪ್ಪು ಕೀ. ಅದನ್ನು ತಪ್ಪಿಸಿ ಪಕ್ಕದ ಬಿಳಿಯದನ್ನು ಒತ್ತಿದೆ.

"ಅಜ್ಜಿ, ಅಲ್ಲಿ ಶಾರ್ಪ್ ಇದೆ ನೋಡಿ."

ನೋಡಿದೆ. ಕನ್ನಡಕ ಒರೆಸಿಕೊಂಡು ಮತ್ತೆ ಹದಿನೇಳನೆಯ ಆವರ್ತದಿಂದ ಶುರುಮಾಡಿದೆ.