ಕಸುಬು ಕಲಿಸಿದ ಗುರುಗಳು: ಜೆಪ್ಪುವಿನಿಂದ ಉಜಿರೆಯವರೆಗೆ

ರ‍್ಯಾಂಕು ಪಡೆದ ವಿದ್ಯಾರ್ಥಿಗಳ ಹೆಸರುಗಳು ಶಾಲೆಯ ಗೋಡೆಯ ಫಲಕದಲ್ಲಿ ಉಳಿಯುತ್ತವೆ. ಎಸ್ಸೆಸ್ಸೆಲ್ಸಿಯಲ್ಲಿ ಅನುತ್ತೀರ್ಣರಾದವರು ಎಲ್ಲಿಗೆ ಹೋದರು, ಏನಾದರು ಎಂಬುದನ್ನು ಬರೆದಿಡುವ ಪುಸ್ತಕವನ್ನು ನನ್ನ ಸೇವಾವಧಿಯಲ್ಲಿ ನಾನೆಲ್ಲೂ ಕಾಣಲಿಲ್ಲ. ವರ್ಗಾವಣೆ ಪತ್ರಕ್ಕೆ ಸಹಿ ಬಿತ್ತೆಂದರೆ ಸಂಬಂಧ ತೀರಿದಂತೆಯೇ. ಇಂತಹವರ ಕೈ ಹಿಡಿದ ಬೇರೊಂದು ಬಗೆಯ ಅಧ್ಯಾಪಕರ ಪರಂಪರೆ ನಮ್ಮ ಜಿಲ್ಲೆಯಲ್ಲಿದೆ. ಶಿಕ್ಷಣದ ಚರಿತ್ರೆ ಬರೆಯುವವರು ಅದನ್ನು ಕೈಗಾರಿಕೆಯ ಅಧ್ಯಾಯಕ್ಕೆ ಬಿಡುತ್ತಾರೆ. ಕೈಗಾರಿಕೆಯ ಚರಿತ್ರೆಯವರು ಹೆಂಚಿನ ಲೆಕ್ಕ ಕೊಟ್ಟು ಮುಗಿಸುತ್ತಾರೆ. ಕಲಿಸಿದವರ ಸಂಗತಿ ಎರಡರ ನಡುವೆ ಬಿದ್ದುಹೋಗಿದೆ.

ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರ ಹೊಂದಿದವರಿಗೆ ಬಹುಬೇಗನೆ ಅನ್ನದ ಪ್ರಶ್ನೆ ಎದುರಾಯಿತು. ಶೇಂದಿ ಇಳಿಸುವಂತಹ ಕಸುಬುಗಳು ಮಿಷನ್ನಿಗೆ ಒಪ್ಪಿಗೆಯಾಗಲಿಲ್ಲ. ಕುಟುಂಬದ ಆಸರೆ ತಪ್ಪಿದವರೂ ಇದ್ದರು. ಗಡಿಯಾರದ ಕೆಲಸ, ಮರಗೆಲಸಗಳನ್ನು ಕಲಿಸುವ ಆರಂಭದ ಪ್ರಯತ್ನಗಳು ಬಾಳಲಿಲ್ಲ. 1841ರಲ್ಲಿ ಮುದ್ರಣಾಲಯ, 1844ರಲ್ಲಿ ನೇಯ್ಗೆಯ ಕೆಲಸ ಆರಂಭವಾದವು. ಆದರೆ ನಿಜವಾದ ತಿರುವು ಬಂದದ್ದು 1851ರಲ್ಲಿ, ನೇಯ್ಗೆ ಬಲ್ಲ ಹಾಲರ್ ಮತ್ತು ಯಂತ್ರವಿದ್ಯೆ ಬಲ್ಲ ಪ್ಲೆಬ್ಸ್ಟ್ ಬಂದ ಮೇಲೆ. ಹಾಲರರು ಯುರೋಪಿನ ಮಾದರಿಯ ಮಗ್ಗಗಳನ್ನು ಹೂಡಿಸಿ ಬಟ್ಟೆಗೆ ಬಣ್ಣ ಹಾಕುವುದನ್ನೂ ಕಲಿಸಿದರು. ಖಾಕಿ ಬಣ್ಣ ಅವರ ಕೈಯಲ್ಲಿಯೇ ರೂಪುಗೊಂಡಿತೆಂಬ ಪ್ರತೀತಿಯಿದೆ.

ಪ್ಲೆಬ್ಸ್ಟರು ಬಂದದ್ದು ಮುದ್ರಣಾಲಯವನ್ನು ಸುಧಾರಿಸಲು. ನಡುವೆ ಯುರೋಪಿಗೆ ಮರಳಿದಾಗ ಹೆಂಚಿನ ತಯಾರಿಕೆಯನ್ನು ಅಭ್ಯಾಸ ಮಾಡಿ ಬಂದು, 1865ರಲ್ಲಿ ಜೆಪ್ಪುವಿನ ನೇತ್ರಾವತಿ ದಂಡೆಯಲ್ಲಿ ಕಾರ್ಖಾನೆ ಆರಂಭಿಸಿದರು. ಕಲಿಸುವ ಮುನ್ನ ತಾವೇ ಹೋಗಿ ವಿದ್ಯಾರ್ಥಿಯಾದರು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಮಣ್ಣಿನ ಹದ, ನೆರಳಿನಲ್ಲಿ ಒಣಗಲು ಬೇಕಾದ ದಿನಗಳು, ಗೂಡಿನ ಕಾವು ಇವೆಲ್ಲ ಕರಿಹಲಗೆಯ ಮೇಲೆ ಬರೆದು ಹೇಳಿಕೊಡುವ ವಿದ್ಯೆಗಳಲ್ಲ. ಬಲ್ಲವನ ಪಕ್ಕದಲ್ಲಿ ನಿಂತೇ ಬರಬೇಕು. ನಮ್ಮ ಉರ್ವದ ಸಮೀಪದ ಬೋಳೂರು, ಬೊಕ್ಕಪಟ್ಣಗಳ ಹಂಚಿನ ಕಾರ್ಖಾನೆಗಳ ಚಿಮಿಣಿಗಳನ್ನು ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಈ ವ್ಯವಸ್ಥೆಗೊಂದು ಮಿತಿಯಿತ್ತು. ಕಲಿತವನು ಅಲ್ಲಿಯೇ ಕೆಲಸಗಾರನಾಗಿ ಉಳಿಯುತ್ತಿದ್ದನು. ಕೆಲಸ, ಮನೆ, ಚರ್ಚು ಎಲ್ಲವೂ ಮಿಷನ್ನಿನದೇ ಆದಾಗ ಅವನು ಹೊರಬಿದ್ದು ತನ್ನದೇ ಉದ್ಯಮ ಹೂಡುವುದು ಸುಲಭವಾಗಿರಲಿಲ್ಲ. 1868ರಲ್ಲಿ ಆಲ್ಬುಕರ್ಕ್ ಕುಟುಂಬದ ಹೆಂಚಿನ ಕಾರ್ಖಾನೆ ಆರಂಭವಾಯಿತು. ಆದರೆ ಬಂಡವಾಳವುಳ್ಳವರಿಗೆ ತೆರೆದ ದಾರಿ ಕೂಲಿಯವನಿಗೂ ತೆರೆದಿತ್ತೆನ್ನಲಾಗದು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದರು. ಯುದ್ಧಾನಂತರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ವಶವಾದವು.

1946ರಲ್ಲಿ ಕದ್ರಿಯ ಪಾಲಿಟೆಕ್ನಿಕ್ ಆರಂಭವಾದದ್ದು ದೊಡ್ಡ ಉಪಕಾರವೇ ಸರಿ. ಆದರೆ ಡಿಪ್ಲೊಮಾ ಸೇರಲು ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ನಾನು ಹೇಳುತ್ತಿರುವ ಹುಡುಗ ಇನ್ನೂ ಗೇಟಿನ ಹೊರಗೇ ಇದ್ದನು.

ಅವನಿಗೆ ಬಾಗಿಲು ತೆರೆದದ್ದು 1982ರಲ್ಲಿ, ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಅಲ್ಲಿಯ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಕಟ್ಟಿದ ರುಡ್‌ಸೆಟ್ ಸಂಸ್ಥೆ ಅದು. ಊಟ, ವಸತಿ, ತರಬೇತಿ ಎಲ್ಲವೂ ಉಚಿತ. ಹೊಲಿಗೆ, ಮೋಟಾರ್ ರಿವೈಂಡಿಂಗ್, ದ್ವಿಚಕ್ರ ವಾಹನ ದುರಸ್ತಿ, ಹೈನುಗಾರಿಕೆ ಮುಂತಾಗಿ ಕೆಲವು ದಿನಗಳಿಂದ ಆರೇಳು ವಾರಗಳವರೆಗಿನ ತರಬೇತಿಗಳು. ಹೆಚ್ಚಿನವಕ್ಕೆ ಓದುಬರಹ ಬಂದರೆ ಸಾಕು. ಗುರಿ ನೌಕರಿಯಲ್ಲ, ಸ್ವಂತ ಉದ್ಯೋಗ. ಜೆಪ್ಪುವಿನ ವ್ಯವಸ್ಥೆ ಮುಟ್ಟದಿದ್ದ ಜಾಗ ಇದೇ.

ಅವರ ಪಾಠಕ್ರಮವನ್ನು ಅಧ್ಯಾಪಕನ ಕಣ್ಣಿನಿಂದ ನೋಡಿದರೆ ಬಹಳ ಸ್ವಾರಸ್ಯವಿದೆ. ಬೆಳಿಗ್ಗೆ ಮೊದಲು ಮಾತನಾಡುವವರು ಶಿಬಿರಾರ್ಥಿಗಳು. ನಿನ್ನೆ ಕಲಿತದ್ದರಲ್ಲಿ ಮುಖ್ಯವಾದುದೇನು ಎಂಬುದನ್ನು ಎದ್ದು ನಿಂತು ಹೇಳಬೇಕು. ‘ನನಗೆ ಬರುವುದಿಲ್ಲ’ ಎಂದು ಹತ್ತು ವರ್ಷ ಹಿಂದಿನ ಬೆಂಚಿನಲ್ಲಿ ಕುಳಿತವನಿಗೆ ಇದು ಸಣ್ಣ ಸಂಗತಿಯಲ್ಲ. ಗೋಪುರ ಕಟ್ಟುವ ಆಟವೂ ಒಂದಿದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎಡಗೈಯಿಂದ ಮರದ ತುಂಡುಗಳನ್ನು ಒಂದರ ಮೇಲೊಂದು ಇಡಬೇಕು. ಎಷ್ಟು ತುಂಡು ಏರಿಸಬಲ್ಲೆನೆಂದು ಮೊದಲೇ ಹೇಳಬೇಕು. ಜೊತೆಯವರು ಮಾತಿನಿಂದ ದಾರಿ ತೋರಿಸುತ್ತಾರೆ. ಗದರಿಸಿದರೆ ಗೋಪುರ ಏನಾಗುತ್ತದೆ, ಧೈರ್ಯ ತುಂಬಿದರೆ ಏನಾಗುತ್ತದೆ ಎಂಬುದು ಎಲ್ಲರ ಕಣ್ಣೆದುರಿಗೇ ಬರುತ್ತದೆ. ಇಂತಹ ಆಟಗಳ ಬೇರು ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್ ಅವರ ಸಾಧನಾಪ್ರೇರಣೆಯ ಸಿದ್ಧಾಂತದಲ್ಲಿದೆ. 1964ರಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಈ ತರಬೇತಿ ಕೊಟ್ಟು ಪರೀಕ್ಷಿಸಿದ್ದರು. ನಮಗೆ ಬಿ.ಎಡ್.ನಲ್ಲಿ ಹರ್ಬಾರ್ಟನ ಸೋಪಾನಗಳನ್ನು ಬಾಯಿಪಾಠ ಮಾಡಿಸಿದರೇ ಹೊರತು ಇಂತಹ ಆಟಗಳನ್ನು ಯಾರೂ ಆಡಿಸಲಿಲ್ಲ!

ಎಲ್ಲಕ್ಕಿಂತ ಮಿಗಿಲಾದುದು ತರಬೇತಿ ಮುಗಿದ ಮೇಲಿನ ಕ್ರಮ. ಪ್ರಮಾಣಪತ್ರ ಕೊಟ್ಟ ಬಳಿಕವೂ ಎರಡು ವರ್ಷ ಶಿಬಿರಾರ್ಥಿಯ ಬೆನ್ನಿಗೆ ನಿಲ್ಲುತ್ತಾರೆ. ಪತ್ರ, ದೂರವಾಣಿ, ಮನೆಭೇಟಿಗಳ ಮೂಲಕ ಅಂಗಡಿ ತೆರೆದನೇ, ಬ್ಯಾಂಕಿನ ಸಾಲ ಸಿಕ್ಕಿತೇ, ಎಲ್ಲಿ ತಡೆಯಾಯಿತು ಎಂದು ವಿಚಾರಿಸುತ್ತಾರೆ. ಕಸುಬು ಕೆಲವು ವಾರಗಳಲ್ಲಿ ಕೈಗೆ ಹತ್ತಬಹುದು; ಆದರೆ ಮೊದಲ ಗಿರಾಕಿ ಬಾರದ ತಿಂಗಳುಗಳಲ್ಲಿ ಹುಡುಗ ಮುಂಬೈ ಬಸ್ಸು ಹತ್ತಿಬಿಡುತ್ತಾನೆ. ಗುರುವಿನ ಅಗತ್ಯ ಆಗಲೇ ಹೆಚ್ಚು. ಪರೀಕ್ಷೆ ಮುಗಿದೊಡನೆ ಕೈತೊಳೆದುಕೊಳ್ಳುವ ನಮ್ಮ ಪದ್ಧತಿಯಲ್ಲಿ ಇದಕ್ಕೆ ಜಾಗವೇ ಇಲ್ಲ.

2009ರಿಂದೀಚೆಗೆ ಕೇಂದ್ರ ಸರಕಾರ ಇದೇ ಮಾದರಿಯಲ್ಲಿ ಆರ್‌ಸೆಟಿ ಎಂಬ ಹೆಸರಿನಿಂದ ಜಿಲ್ಲೆಗೊಂದು ಸಂಸ್ಥೆ ತೆರೆಯುವ ಯೋಜನೆ ಕೈಗೊಂಡಿತು. ಈಗ ದೇಶದಲ್ಲಿ ಐನೂರಕ್ಕೂ ಹೆಚ್ಚು ಇವೆ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಉಜಿರೆಯ ತರಬೇತಿ ನಡೆದೇ ಇದೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಅಲ್ಲಿ ಕಲಿತವರಿದ್ದರೆ, ತರಬೇತಿ ಮುಗಿದ ಎಷ್ಟನೆಯ ತಿಂಗಳಲ್ಲಿ ಅವರು ನಿಮ್ಮನ್ನು ಹುಡುಕಿಕೊಂಡು ಬಂದರು, ಏನು ಕೇಳಿದರು ಎಂಬುದನ್ನು ದಯವಿಟ್ಟು ನನಗೆ ಬರೆದು ತಿಳಿಸಿರಿ.