ಮೂಳೆ–ಕೀಲು ರೋಗಗಳಲ್ಲಿ ಸಂಯುಕ್ತ ಚಿತ್ರಣ

ಮೂಳೆಯೊಳಗಿನ ಜೀವಕ್ರಿಯೆಯನ್ನು ತೋರುವ ವಿಕಿರಣ ಸ್ಕ್ಯಾನನ್ನೂ (ಸ್ಪೆಕ್ಟ್ ಅಥವಾ ಪೆಟ್) ಅದರ ರಚನೆಯನ್ನು ತೋರುವ ಸಿ.ಟಿ. ಅಥವಾ ಎಂ.ಆರ್.ಐ.ಯನ್ನೂ ಒಂದೇ ಯಂತ್ರದಲ್ಲಿ ಕೂಡಿಸುವ ವಿಧಾನ ಸಂಯುಕ್ತ ಚಿತ್ರಣ. ಸ್ಪೆಕ್ಟ್-ಸಿ.ಟಿ., ಪೆಟ್-ಸಿ.ಟಿ., ಪೆಟ್-ಎಂ.ಆರ್.ಐ. ಇದರ ಬಗೆಗಳು. ಕ್ಯಾನ್ಸರ್ ಅಲ್ಲದ ಮೂಳೆ ರೋಗಗಳಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಮೊದಲನೆಯದು.

ಸ್ಪೆಕ್ಟ್-ಸಿ.ಟಿ.ಯ ಮೂಲ ಬೋನ್ ಸ್ಕ್ಯಾನ್. 1950ರ ದಶಕದಲ್ಲಿ ಹಾಲ್ ಆಂಗರ್ ದೇಹದಿಂದ ಹೊರಬರುವ ವಿಕಿರಣವನ್ನು ಚಿತ್ರವಾಗಿಸುವ ಗಾಮಾ ಕ್ಯಾಮೆರಾ ರೂಪಿಸಿದರು. 1971ರಲ್ಲಿ ಅಮೆರಿಕದ ಸಿರಕ್ಯೂಸ್‌ನಲ್ಲಿ ಭಾರತ ಮೂಲದ ಗೋಪಾಲ್ ಸುಬ್ರಮಣಿಯನ್ ಮತ್ತು ಜಾನ್ ಮ್ಯಾಕಫಿ ವಿಕಿರಣ ಸೂಸುವ ಟೆಕ್ನೀಶಿಯಂ-99ಎಂ ಅನ್ನು ಫಾಸ್ಫೇಟ್ ಸಂಯುಕ್ತದ ಜೊತೆಗೂಡಿಸಿ ಮೂಳೆಗೆ ತಲುಪಿಸಿದರು. ಈಗ ಬಳಸುವ ಮದ್ದು ಎಂ.ಡಿ.ಪಿ. (ಮಿಥಿಲೀನ್ ಡೈಫಾಸ್ಫೊನೇಟ್) ಅದೇ ಸಾಲಿನದು. ಮದ್ದನ್ನು ರಕ್ತನಾಳಕ್ಕೆ ಚುಚ್ಚಿ ಎರಡು ಮೂರು ಗಂಟೆ ಕಾಯಿಸುತ್ತಾರೆ. ರೋಗಿ ಧಾರಾಳವಾಗಿ ನೀರು ಕುಡಿದು, ಮೂತ್ರಕ್ಕೆ ಹೋಗಿ ಬಂದು ಮಲಗಬೇಕು. ಹೊಸ ಮೂಳೆ ಕಟ್ಟುತ್ತಿರುವ ಜಾಗ ಚಿತ್ರದಲ್ಲಿ ಕಪ್ಪಗೆ ಮೂಡುತ್ತದೆ. ಆದರೆ 26 ಮೂಳೆಗಳಿರುವ ಪಾದದಲ್ಲಿ ಆ ಕಪ್ಪು ಯಾವ ಕೀಲಿನದು? ಬೋನ್ ಸ್ಕ್ಯಾನ್ ಅದನ್ನು ಹೇಳಲಾರದು.

ಈ ಕೊರತೆ ನೀಗಿದ್ದು ಸಿ.ಟಿ. ಜೊತೆ ಸೇರಿದ ಮೇಲೆ. 1990ರ ದಶಕದ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬ್ರೂಸ್ ಹಸೆಗಾವಾ ಸ್ಪೆಕ್ಟನ್ನೂ ಸಿ.ಟಿ.ಯನ್ನೂ ಜೋಡಿಸಿದರು. ದಶಕದ ಕೊನೆಗೆ ಸ್ಪೆಕ್ಟ್-ಸಿ.ಟಿ. ಮಾರುಕಟ್ಟೆಗೆ ಬಂತು. ಡೇವಿಡ್ ಟೌನ್ಸೆಂಡ್ ಮತ್ತು ರೊನಾಲ್ಡ್ ನಟ್ ಅವರ ಪೆಟ್-ಸಿ.ಟಿ. 1998ರದು.

ದಕ್ಷಿಣ ಬೆಂಗಳೂರಿನಲ್ಲಿ ಕ್ಯಾನ್ಸರಿಗೆ ಕಿದ್ವಾಯಿ ಗಂಥಿ ಸಂಸ್ಥೆ, ಮೆದುಳು–ನರರೋಗಗಳಿಗೆ ನಿಮ್ಹಾನ್ಸ್, ಮೂಳೆಗೆ ಜಯನಗರದ ಸಂಜಯ ಗಾಂಧಿ ಮೂಳೆಚಿಕಿತ್ಸಾ ಸಂಸ್ಥೆ ಒಂದಕ್ಕೊಂದು ನಡೆದು ಹೋಗುವಷ್ಟು ದೂರದಲ್ಲಿವೆ. ಆದರೂ ಎಲ್ಲೆಡೆಯಂತೆ ಸಂಯುಕ್ತ ಯಂತ್ರಗಳ ಮೇಲೆ ಮೊದಲ ಹಕ್ಕು ಕ್ಯಾನ್ಸರಿನದು, ಆಮೇಲೆ ಹೃದಯ, ಮೆದುಳಿನದು. ಮೂಳೆ ನೋವಿನ ಸರದಿ ಬರುವುದು ಕೊನೆಗೆ. ಮಂಡಿ ಬದಲಿಸಿದ ಬಳಿಕವೂ ಹೋಗದ ನೋವು, ವೇಗದ ಬೌಲರುಗಳ ಬೆನ್ನುಮೂಳೆಯ ಸೂಕ್ಷ್ಮ ಬಿರುಕು, ಮೂಳೆಯ ಸೋಂಕು ಇವುಗಳಲ್ಲಿ ಸ್ಪೆಕ್ಟ್-ಸಿ.ಟಿ. ನೆರವಾಗುತ್ತದೆ. ಮಂಡಿ ಶಸ್ತ್ರಚಿಕಿತ್ಸೆಯಾದ ಮೇಲೆ ವರ್ಷದವರೆಗೂ ಸುತ್ತಲ ಮೂಳೆ ಸಹಜವಾಗಿಯೇ ಮದ್ದು ಹೀರುವುದರಿಂದ ಅವಸರದ ಸ್ಕ್ಯಾನ್ ದಾರಿ ತಪ್ಪಿಸೀತು.

ಕರ್ನಾಟಕದ ಮಟ್ಟಿಗೆ ವಿಶೇಷ ಮಹತ್ವದ ರೋಗ ಫ್ಲೋರೋಸಿಸ್. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕೊಳವೆಬಾವಿಗಳ ಫ್ಲೋರೈಡ್ ನೀರನ್ನು ವರ್ಷಗಟ್ಟಲೆ ಕುಡಿದವರ ಅಸ್ಥಿಪಂಜರ ಇಡಿಯಾಗಿ ಮದ್ದು ಹೀರಿಕೊಂಡು, ಮೂತ್ರಪಿಂಡಗಳು ಚಿತ್ರದಲ್ಲಿ ಕಾಣದೇ ಹೋಗಬಹುದು. ಎಲ್ಲೆಡೆ ಹರಡಿದ ಕ್ಯಾನ್ಸರಿನಲ್ಲೂ ಇದೇ ನೋಟ. ಸಿ.ಟಿ.ಯಲ್ಲಿ ಬೆನ್ನುಮೂಳೆ ಸಾಂದ್ರವಾಗಿ, ಅಸ್ಥಿರಜ್ಜುಗಳು ಸುಣ್ಣಗಟ್ಟಿ, ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯೂ ಮೂಳೆಯಾಗಿರುವುದು ಕಂಡರೆ ಕ್ಯಾನ್ಸರಿನ ಶಂಕೆ ಬಹುಮಟ್ಟಿಗೆ ದೂರವಾಗುತ್ತದೆ.

ಸ್ನಾಯು, ಅಸ್ಥಿರಜ್ಜುಗಳ ಗಾಯಕ್ಕೆ ಮಾತ್ರ ಇಂದಿಗೂ ವಿಕಿರಣವಿಲ್ಲದ ಎಂ.ಆರ್.ಐ.ಯೇ ಮೇಲು, ಅದರಿಂದ ಉತ್ತರ ಸಿಕ್ಕಲ್ಲಿ ಸಂಯುಕ್ತ ಸ್ಕ್ಯಾನಿನ ಅಗತ್ಯವಿಲ್ಲ.