ಕರಾವಳಿಯ ಹಸುಗಳಲ್ಲಿ ಗರ್ಭ ನಿಲ್ಲದಿರುವಿಕೆ: ಹವಾಮಾನ ಮತ್ತು ಆರೋಗ್ಯದ ಪಾತ್ರ

ಕರು ಹಾಕಿದ 60ರಿಂದ 90 ದಿನಗಳೊಳಗೆ ಹಸು ಮತ್ತೆ ಗರ್ಭ ಧರಿಸಿದರೆ ಹೈನುಗಾರಿಕೆ ಲಾಭದಾಯಕವಾಗುತ್ತದೆ. ಒಂದು ಬೆದೆ ತಪ್ಪಿದರೆ 21 ದಿನ, ನಾಲ್ಕು ತಪ್ಪಿದರೆ ಸುಮಾರು ಮೂರು ತಿಂಗಳು ವ್ಯರ್ಥ. ಎರಡು ಮೂರು ಹಸುಗಳನ್ನೇ ನಂಬಿದ ಕುಟುಂಬಕ್ಕೆ ಇದು ದೊಡ್ಡ ನಷ್ಟ. ಆದುದರಿಂದ ಉಡುಪಿ, ಕಾಪು, ಕಾರ್ಕಳ ಭಾಗದ ರೈತರು ಇಂತಹ ಹಸುವನ್ನು ಬಂಜೆಯೆಂದು ಮಾರುವ ಮುನ್ನ, ಸರಿಪಡಿಸಬಹುದಾದ ಕೆಳಗಿನ ಕಾರಣಗಳನ್ನು ಪರಿಶೀಲಿಸುವುದು ಅವಶ್ಯಕ.

1. ತಾಪ ಮತ್ತು ಆರ್ದ್ರತೆ

ತಾಪ–ಆರ್ದ್ರತೆ ಸೂಚ್ಯಂಕ 72 ಮೀರಿದರೆ ಅಧಿಕ ಹಾಲು ನೀಡುವ ಮಿಶ್ರತಳಿ ಹಸುಗಳು ಬಳಲತೊಡಗುತ್ತವೆ. ಉಷ್ಣಾಂಶ 32 ಡಿಗ್ರಿ ಸೆಲ್ಸಿಯಸ್, ಆರ್ದ್ರತೆ ಶೇ. 75 ಇರುವ ದಿನ ಈ ಸೂಚ್ಯಂಕ 85 ಆಗುತ್ತದೆ. ಮಳೆಗಾಲದಲ್ಲಿ 27 ಡಿಗ್ರಿ, ಶೇ. 90 ಇದ್ದರೂ ಅದು 79ರಷ್ಟಿರುತ್ತದೆ. ಅಂದರೆ ಮಳೆ ಬಂದ ಮಾತ್ರಕ್ಕೆ ಹಸುವಿನ ಬಳಲಿಕೆ ತಪ್ಪುವುದಿಲ್ಲ.

ತಾಪದಿಂದ ಬೆದೆಯ ಅವಧಿ ಕಿರಿದಾಗಿ ಲಕ್ಷಣಗಳು ಮಂದವಾಗುತ್ತವೆ. ಗರ್ಭಕಟ್ಟಿದ ಮೊದಲ ವಾರದಲ್ಲೇ ಭ್ರೂಣ ಸಾಯಬಹುದು. ಬೆಳೆಯುತ್ತಿರುವ ಅಂಡಗಳಿಗೂ ಹಾನಿಯಾಗುವುದರಿಂದ, ಸೆಕೆ ಇಳಿದ ಮೇಲೂ ಒಂದೆರಡು ತಿಂಗಳು ಫಲವತ್ತತೆ ಕಡಿಮೆಯಿರುತ್ತದೆ. ಚಿಕ್ಕ ಗಾತ್ರದ ಮಲೆನಾಡು ಗಿಡ್ಡ ತಳಿ ಈ ಹವಾಮಾನವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ.

ತಗಡಿನ ಮಾಡಿನ ಮೇಲೆ ಮಡಲು ಹೊದಿಸಿರಿ. ಗೋಡೆ ತಗ್ಗಿಸಿ ಗಾಳಿಯಾಡಲು ಬಿಡಿರಿ. ಫ್ಯಾನ್ ಇಲ್ಲದೆ ನೀರು ಮಾತ್ರ ಸಿಂಪಡಿಸಿದರೆ ಕೊಟ್ಟಿಗೆಯ ಆರ್ದ್ರತೆ ಹೆಚ್ಚಿ ತೊಂದರೆಯೇ ಆಗುತ್ತದೆ. ಮೈ ತೋಯಿಸಿ, ಅನಂತರ ಫ್ಯಾನ್ ಹಾಕಿರಿ.

2. ಘಟ್ಟದ ಮೇಲಿನಿಂದ ತಂದ ಹಸುಗಳು

ತಂಪಾದ ಎತ್ತರದ ಪ್ರದೇಶದಿಂದ ಮಾರ್ಚ್–ಮೇ ಅವಧಿಯಲ್ಲಿ ಕರಾವಳಿಗೆ ಇಳಿಸಿದ ಹಸುವಿಗೆ ಹೊಂದಿಕೊಳ್ಳಲು ಸಮಯ ಬೇಕು. ಸಾಧ್ಯವಾದರೆ ನವೆಂಬರ್ ಅನಂತರ ಖರೀದಿಸಿರಿ. ಬ್ರುಸೆಲ್ಲಾ ಪರೀಕ್ಷೆ ಮಾಡಿಸಿ, ಮೂರು ವಾರ ಬೇರೆಯಾಗಿ ಕಟ್ಟಿರಿ.

3. ಬೆದೆ ಗುರುತಿಸುವಿಕೆ

ಕಟ್ಟಿ ಸಾಕಿದ ಹಸುಗಳಲ್ಲಿ ಒಂದರ ಮೇಲೊಂದು ಹತ್ತುವ ಲಕ್ಷಣ ಕಾಣಸಿಗದು. ಮುಂಜಾನೆ ಹಾಗೂ ರಾತ್ರಿ ಮಲಗುವ ಮುನ್ನ ಸ್ವಚ್ಛ ಲೋಳೆ, ಕೂಗಾಟ, ಹಾಲಿನ ಇಳಿಕೆ ಗಮನಿಸಿರಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿರಿ. ಲೋಳೆ ಕೀವಿನಂತಿದ್ದರೆ ಮೊದಲು ಚಿಕಿತ್ಸೆ ಅಗತ್ಯ.

4. ಆಹಾರ

ಹೆಚ್ಚು ಮಳೆಗೆ ಸಾರ ತೊಳೆದುಹೋದ ಮುರಕಲ್ಲು ಮಣ್ಣು ಆಮ್ಲೀಯವಾಗಿದ್ದು, ಇಲ್ಲಿನ ಮೇವಿನಲ್ಲಿ ರಂಜಕ, ಸುಣ್ಣದ ಅಂಶ ಕಡಿಮೆ. ಬೈಹುಲ್ಲಿನ ಆಕ್ಸಲೇಟ್ ಸುಣ್ಣದ ಹೀರಿಕೆಯನ್ನು ಮತ್ತಷ್ಟು ತಗ್ಗಿಸುತ್ತದೆ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಹಾಗೂ ಹಸಿರು ಮೇವು ನೀಡಿರಿ. ಕರು ಹಾಕಿದ ಅನಂತರ ತೀರಾ ಸೊರಗಿದ ಹಸು ಬೆದೆಗೆ ಬರುವುದು ತಡವಾಗುತ್ತದೆ.

5. ರೋಗಗಳು

ನೀರು ನಿಂತ ಗದ್ದೆಗಳ ಬಸವನಹುಳುಗಳಿಂದ ಹರಡುವ ಯಕೃತ್ತಿನ ಚಪ್ಪಟೆ ಹುಳು ಹಸುವನ್ನು ಸೊರಗಿಸುತ್ತದೆ. ಸಗಣಿ ಪರೀಕ್ಷೆಯ ಆಧಾರದ ಮೇಲೆ ಔಷಧಿ ಕೊಡಿಸಿರಿ. ಗರ್ಭದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕಿದರೆ ಬ್ರುಸೆಲ್ಲಾ ಅಥವಾ ಇಲಿಜ್ವರವನ್ನು ಶಂಕಿಸಬೇಕು. ಇವೆರಡೂ ಮನುಷ್ಯರಿಗೆ ಹರಡುತ್ತವೆ. ಕಂದು, ಸತ್ತೆಗಳನ್ನು ಬರಿಗೈಯಲ್ಲಿ ಮುಟ್ಟದೆ, ಸುಣ್ಣ ಹಾಕಿ ಆಳವಾಗಿ ಹೂಳಿರಿ. ಹಾಲನ್ನು ಕುದಿಸಿಯೇ ಬಳಸಿರಿ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ ಒಮ್ಮೆ ಬ್ರುಸೆಲ್ಲಾ ಲಸಿಕೆ ಹಾಕಿಸಿರಿ.

ಪಶುವೈದ್ಯರನ್ನು ಕಾಣಬೇಕಾದ ಸಂದರ್ಭ

ಕರು ಹಾಕಿ 90 ದಿನಗಳಾದರೂ ಬೆದೆ ಕಾಣದಿದ್ದರೆ, ಅಥವಾ ಮೂರು ಬಾರಿ ಗರ್ಭಧಾರಣೆ ಮಾಡಿಸಿದರೂ ನಿಲ್ಲದಿದ್ದರೆ ಗರ್ಭಕೋಶದ ತಪಾಸಣೆ ಮಾಡಿಸಿರಿ. ಕರು ಹಾಕಿದ ದಿನ, ಪ್ರತಿ ಬೆದೆಯ ದಿನ ಹಾಗೂ ಗರ್ಭಧಾರಣೆಯ ದಿನಗಳನ್ನು ಬರೆದಿಟ್ಟ ಪುಸ್ತಕವನ್ನು ವೈದ್ಯರಿಗೆ ತೋರಿಸಿರಿ. ಕಾರಣ ಗುರುತಿಸಲು ಅದು ಬಹಳ ನೆರವಾಗುತ್ತದೆ.